ಏಳನೇ ಟೇಬಲ್ಲಿನ ಇಬ್ಬರು

ನಗುವುದಕ್ಕೂ ಒಂದು ಹೊತ್ತುಗೊತ್ತು ಇರಬೇಕು ನೋಡಿ. ಆಷಾಢ ಏಕಾದಶಿಯ ಮಧ್ಯಾಹ್ನ ಘಣಸೋಲಿಯ ಆಫೀಸಿನಲ್ಲಿ ಕೂತು ಅಶ್ಮಿತಾ ಬಿದ್ದು ಬಿದ್ದು ನಕ್ಕಳಲ್ಲ, ಆ ನಗು ನೆನಪಾದರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ ಅವಳಿಗೆ ಇವತ್ತಿಗೂ.

ನಗಿಸಿದ್ದು ಸುಜನ್ ಕಳಿಸಿದ ವಾಯ್ಸ್ ಮೆಸೇಜು. ಸುಜನ್ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರವೇ ಇರುವ ಕಿಟ್ಟಣ್ಣನ ಹೋಟೆಲಿನ ಸಪ್ಲಾಯರ್. ಕಿಟ್ಟಣ್ಣ ಅಶ್ಮಿತಾಳ ಸೋದರಮಾವ. ಆ ಹೋಟೆಲಿನ ಅಡುಗೆಮನೆಯಲ್ಲಿ ಹೋದ ವಾರವಷ್ಟೇ ಅಶ್ಮಿತಾ ತಾನು ಮಾಡಿದ ಆ್ಯಪ್ ಹಾಕಿಸಿಕೊಟ್ಟಿದ್ದಳು. ಸಪ್ಲಾಯರ್ ತನ್ನ ಕೈಲಿರುವ ಪುಟ್ಟ ಯಂತ್ರದಲ್ಲಿ ಆರ್ಡರ್ ಒತ್ತಿದರೆ ಒಳಗೆ ಒಲೆಯ ಪಕ್ಕದ ಸ್ಕ್ರೀನಿನಲ್ಲಿ ಒಂದು ಕಾರ್ಡು ಮೂಡುತ್ತದೆ. ಯಾವ ಟೇಬಲ್, ಏನು ತಿಂಡಿ, ಎಷ್ಟು ಪ್ಲೇಟು ಎಲ್ಲ ಅದರಲ್ಲೇ. ಕೂಗಾಟವೇ ಇಲ್ಲ.

"ಅಕ್ಕಾ, ನಿಮ್ಮ ಸ್ಕ್ರೀನು ಎಂತ ಮಾಡಿತು ಗೊತ್ತುಂಟಾ?" ಅಂತ ಶುರುವಾಗಿತ್ತು ಸುಜನ್‌ನ ಮೆಸೇಜು. "ಒಬ್ಬ ಗಿರಾಕಿ ಬೊಬ್ಬೆ ಹೊಡೀತಿದ್ದಾರೆ. ಉಪಾಸದ ಖಿಚಡಿಗೆ ಶೇಂಗಾನೇ ಹಾಕ್ಲಿಲ್ಲ, ತೆಂಗಿನಕಾಯಿ ಹಾಕಿದ್ದೀರಿ, ಯೇ ಕ್ಯಾ ಮದ್ರಾಸಿ ಖಿಚಡೀ ಹೈ ಅಂತ. ಅಲ್ಲಿ ಎದುರು ಕೂತ ಹಲ್ಲಿಲ್ಲದ ಅಜ್ಜ ಶೇಂಗಾ ಬೇಡ ಅಂದಿದ್ರು, ಅವ್ರಿಗೆ ಬೊಗಸೆ ತುಂಬ ಶೇಂಗಾ ಹೋಗಿದೆ! ಅಜ್ಜ ಒಂದೊಂದೇ ಹೆಕ್ಕಿ ಬದಿಗಿಡ್ತಾ ಇದ್ದಾರೆ, ಪಾಪ. ಸರಿ ಅಕ್ಕ, ರಶ್ ಶುರುವಾಯ್ತು, ಫೋನ್ ಇಡ್ತೇನೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ! ಅಶ್ಮಿತಾ ಮೆಸೇಜನ್ನು ಜೋರಾಗಿ ಹಾಕಿ ಪಕ್ಕದ ಕುರ್ಚಿಯ ಸಮಿತ್‌ಗೂ ಕೇಳಿಸಿದಳು. ಸಮಿತ್ ಅವಳ ಟೀಮಿನವನೇ. ಅವನ ಅಪ್ಪ ಅಮ್ಮ ಕುಂದಾಪುರದ ಕಡೆಯವರು, ಅವನು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ.

"ತೇರಾ ಕಾರ್ಡ್ ಪಾಗಲ್ ಹೋ ಗಯಾ," ಅಂತ ಅವನೂ ನಕ್ಕ.

ಆ ಕಾರ್ಡು ಅಂದರೆ ಅಶ್ಮಿತಾಳಿಗೆ ಹೆತ್ತ ಮಗುವಿನಷ್ಟು ಹೆಮ್ಮೆ. ಮೊದಲು ವಾಶಿಯ ಒಂದು ಕೇಕ್ ಅಂಗಡಿಗೆ ಮಾಡಿದ್ದು. ಅಲ್ಲಿ ಅದರ ಮೂಲೆಯಲ್ಲಿ 'ಮೊಟ್ಟೆ ಬೇಡ' ಅನ್ನುವ ಟಿಕ್ ಇತ್ತು. ಅದನ್ನೇ ಎತ್ತಿ ಠಾಣೆಯ ಒಂದು ಚಾಟ್ ಅಂಗಡಿಗೆ ಕೊಟ್ಟಾಗ 'ಈರುಳ್ಳಿ ಬೆಳ್ಳುಳ್ಳಿ ಬೇಡ' ಆಯಿತು. ಕಿಟ್ಟಣ್ಣನಲ್ಲಿ 'ಶೇಂಗಾ ಬೇಡ' ಆಯಿತು. ಒಮ್ಮೆ ಬರೆದರೆ ಹತ್ತು ಕಡೆ ದುಡಿಯಬೇಕು, ಅದೇ ಅಲ್ಲವೇ ಜಾಣತನ? ಟಿಕ್ ಬಿದ್ದಿದೆಯೋ ಇಲ್ಲವೋ ಅನ್ನುವ ನೆನಪನ್ನು ಅವಳು ಕಾರ್ಡಿನ ಹೊಟ್ಟೆಯೊಳಗೇ ಇಟ್ಟಿದ್ದಳು. "ಈ ನೆನಪು ಕಾರ್ಡಿನೊಳಗೆ ಯಾಕೆ? ಮೇಲೆ, ಆರ್ಡರಿನ ಜೊತೆಗೇ ಇಟ್ಟು, ಕಾರ್ಡು ಬರೀ ತೋರಿಸಿದರೆ ಸಾಕಲ್ಲ," ಅಂತ ಸಮಿತ್ ಒಮ್ಮೆ ಹಿಂದಿಯಲ್ಲಿ ಕೇಳಿದ್ದ. "ನನ್ನ ಕಾರ್ಡು ಯಾರ ಹಂಗಿನಲ್ಲೂ ಇಲ್ಲ ಮಾರಾಯ, ಎಲ್ಲಿ ಬೇಕಾದರೂ ಎತ್ತಿಕೊಂಡು ಹೋಗಬಹುದು," ಅಂತ ಅವಳು ಅವನ ಬಾಯಿ ಮುಚ್ಚಿಸಿದ್ದಳು.

ನಗು ಇಳಿಯುತ್ತ ಬಂದಾಗ ಅವಳು ಕಣ್ಣೊರೆಸಿಕೊಂಡು ನೀರಿನ ಬಾಟಲಿ ಎತ್ತಿದಳು. ಎತ್ತಿದ ಬಾಟಲಿ ಬಾಯಿಗೆ ಹೋಗಲಿಲ್ಲ.

ಆ ಟಿಕ್ ಇಟ್ಟದ್ದು ಹಲ್ಲಿಲ್ಲದ ಅಜ್ಜನಿಗಾಗಿ ಅಲ್ಲ. ಜಯಲತಾ ಟೀಚರಿಗಾಗಿ.

ಇವತ್ತು ಏಕಾದಶಿ. ಟೀಚರ್ ಬರುವ ದಿನ.

ಜಯಲತಾ ಟೀಚರ್ ಅಶ್ಮಿತಾಳಿಗೆ ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಸಿದವರು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಸಂಕ್ರಾಂತಿಯ ದಿನ ಯಾವುದೋ ಮಗು ಪ್ರೀತಿಯಿಂದ ಎಳ್ಳುಂಡೆ ಕೊಟ್ಟಿತು. ಮನೆಯಲ್ಲಿ ಅದಕ್ಕೆ ಶೇಂಗಾಪುಡಿ ಬೆರೆಸಿದ್ದರು. ಟೀಚರ್ ಅರ್ಧ ಉಂಡೆ ಬಾಯಿಗೆ ಹಾಕಿಕೊಂಡು ಬೋರ್ಡಿನ ಕಡೆ ತಿರುಗಿದ್ದೇ ತಡ, ಕೈಯಿಂದ ಸೀಮೆಸುಣ್ಣ ಬಿತ್ತು, ಆಮೇಲೆ ಅವರೇ ಬಿದ್ದರು. ತುಟಿ ಊದಿ, ಗಂಟಲು ಕಟ್ಟಿ, ಉಸಿರು ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಯ ಸದ್ದು ಆ ಕ್ಲಾಸಿನ ಮಕ್ಕಳ ಕಿವಿಯಿಂದ ಹೋಗುವಂಥದ್ದಲ್ಲ. ಬದುಕಿದ್ದು ದೇವರ ದಯೆ. ಇನ್ನೊಮ್ಮೆ ಆದರೆ ಇದಕ್ಕಿಂತ ಜೋರಾಗಿ ಆಗುತ್ತದೆ ಅಂತ ಡಾಕ್ಟರು ಹೇಳಿ ಕಳಿಸಿದ್ದರು.

ಅಲ್ಲಿಂದ ಟೀಚರ್ ಹೊರಗೆ ಎಲ್ಲೂ ತಿನ್ನುವವರಲ್ಲ, ಕಿಟ್ಟಣ್ಣನ ಹೋಟೆಲೊಂದನ್ನು ಬಿಟ್ಟು. ಈ ಸೀಮೆಯಲ್ಲಿ ಉಪವಾಸ ಅಂದರೆ ಶೇಂಗಾ. ಸಬ್ಬಕ್ಕಿಯ ಸಾಬುದಾಣಾ ಖಿಚಡಿಗೂ ಶೇಂಗಾ, ವಡೆಗೂ ಶೇಂಗಾ. ಕಿಟ್ಟಣ್ಣ ಅವರಿಗಾಗಿ ಬೇರೆ ಬಾಣಲೆ ಇಡಿಸಿ, ಊರಿನ ರೀತಿ ತೆಂಗಿನತುರಿ ಹಾಕಿಸಿ ಖಿಚಡಿ ಮಾಡಿಸುತ್ತಿದ್ದ. ಪ್ಲೇಟು ಬಂದ ಮೇಲೂ ಟೀಚರ್ ಚಮಚ ಮುಟ್ಟುವ ಮೊದಲು ಕೇಳುತ್ತಿದ್ದರು, "ನೆಲಗಡಲೆ ಇಲ್ಲ ಅಲ್ಲವಾ?" ಕರಾವಳಿಯವರಿಗೆ ಅದು ನೆಲಗಡಲೆಯೇ. ಒಳಗಿನಿಂದ ವಿಜಯಪುರದ ಸಿದ್ರಾಮ, ಬಾಣಲೆಯ ಮುಂದೆ ನಿಂತಲ್ಲಿಂದಲೇ ಕೂಗುತ್ತಿದ್ದ, "ಶೇಂಗಾ ಇಲ್ರೀ ಟೀಚರ್, ಉಣ್ರಿ!" ವರ್ಷಗಟ್ಟಲೆ ಹೀಗೇ ನಡೆದಿತ್ತು. ಆ್ಯಪ್ ಬಂದ ಮೇಲೆ ಸಿದ್ರಾಮ ಯಾರ ಕೂಗೂ ಕೇಳಬಾರದು, ಸ್ಕ್ರೀನು ಹೇಳಿದ್ದನ್ನಷ್ಟೇ ಮಾಡಬೇಕು ಅಂತ ಕಟ್ಟಪ್ಪಣೆ ಮಾಡಿದವಳು ಯಾರು? ಇವಳೇ.

ಶಾಲೆ ಬಿಟ್ಟ ಮೇಲೆ, ಊಟದ ರಶ್ ಜೋರಾಗಿರುವ ಹೊತ್ತಿಗೇ ಟೀಚರ್ ಬರುತ್ತಾರೆ. ಇನ್ನೂ ಸ್ವಲ್ಪ ಹೊತ್ತಿದೆ. ಮಾವನಿಗೆ ಫೋನ್ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಸುಜನ್‌ಗೆ ಮಾಡಿದಳು, ಸ್ವಿಚ್ ಆಫ್. ಗೊತ್ತಿದ್ದದ್ದೇ. ರಶ್ ಹೊತ್ತಿನಲ್ಲಿ ಎಲ್ಲರ ಫೋನೂ ದುಡ್ಡಿನ ಗಲ್ಲೆಯ ಕೆಳಗಿನ ಡ್ರಾಯರಿಗೆ ಹೋಗಬೇಕು, ಯಜಮಾನನದ್ದು ಸೇರಿ. ಅದು ಕಿಟ್ಟಣ್ಣನ ಕಾನೂನು. ಟೀಚರಿಗೆ ಮಾಡಿದಳು. ಶಾಲೆಯಲ್ಲಿ ಫೋನ್ ಬಂದ್ ಇಡುವವರು ಅವರು, ಮನೆ ಮುಟ್ಟುವವರೆಗೆ ಅದರ ನೆನಪೇ ಇರುವುದಿಲ್ಲ. 'ಟೀಚರ್, ಇವತ್ತು ಖಿಚಡಿ ತಿನ್ನಬೇಡಿ' ಅಂತ ಬರೆದು ಕಳಿಸಿದಳು. ಮೆಸೇಜಿಗೆ ಒಂದೇ ಟಿಕ್ ಬಿತ್ತು, ಅವರಿಗೆ ಮುಟ್ಟಿಲ್ಲ. ಅಮ್ಮನನ್ನು ಓಡಿಸೋಣವೆಂದರೆ ಅಮ್ಮ ಬೆಳಿಗ್ಗೆಯೇ ಬದಲಾಪುರದ ಚಿಕ್ಕಮ್ಮನ ಮನೆಗೆ ಹೋಗಿದ್ದಳು.

"ನಾನು ಹೋಗ್ತೇನೆ," ಅಂತ ಬ್ಯಾಗು ಎತ್ತಿದಳು. "ಸಮಿತ್, ನೀನು ಇಲ್ಲೇ ಇರು. ಕೋಡ್ ತೆಗೆದು ನೋಡು. ಕಾರ್ಡು ಯಾಕೆ ಅದಲುಬದಲಾಯ್ತು ಅಂತ ಹುಡುಕು."

"ಅರೇ, ಖಿಚಡೀ ಕೇ ಲಿಯೇ ಇತನಾ?"

"ಖಿಚಡಿ ಅಲ್ಲವೋ, ಜೀವ!" ಅಂದಳು. ಅವಳ ಮುಖ ನೋಡಿ ಸಮಿತ್ ಲ್ಯಾಪ್‌ಟಾಪ್ ಎಳೆದುಕೊಂಡ.

ಹೊರಗೆ ಮಳೆ ಬಾರಿಸುತ್ತಿತ್ತು. ಘಣಸೋಲಿಯಲ್ಲಿ ಠಾಣೆಯ ಗಾಡಿ ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು, ಕೂರುವುದಕ್ಕೆ ಆಗಲಿಲ್ಲ. ಬಾಗಿಲ ಕಂಬ ಹಿಡಿದು ನಿಂತು ಸುಜನ್‌ನ ಮೆಸೇಜನ್ನು ಕಿವಿಗೊತ್ತಿಕೊಂಡು ಮತ್ತೆ ಕೇಳಿದಳು. ಕೇಕ್ ಅಂಗಡಿಯಲ್ಲಿ ಹೀಗಾಗಲಿಲ್ಲ. ಚಾಟ್ ಅಂಗಡಿಯಲ್ಲಿ ಆಗಲಿಲ್ಲ. ಅದೇ ಕಾರ್ಡು, ಅದೇ ಟಿಕ್. ಮಾವನ ಹೋಟೆಲಿಗೆ ಮಾತ್ರ ಏನು ದಾಡಿ? ರಬಾಳೆ ದಾಟಿತು. ಮತ್ತೊಮ್ಮೆ ಕೇಳಿದಳು.

'ಅಲ್ಲಿ ಎದುರು ಕೂತ ಹಲ್ಲಿಲ್ಲದ ಅಜ್ಜ...'

ಎದುರು ಕೂತ.

ಅಯ್ಯೋ ದೇವರೇ!

ಒಂದೇ ಟೇಬಲ್ಲು, ಇಬ್ಬರು ಗಿರಾಕಿಗಳು. ಒಬ್ಬರಿಗೊಬ್ಬರು ಗುರುತಿಲ್ಲ, ಸಂಬಂಧವಿಲ್ಲ, ಬಿಲ್ಲು ಬೇರೆ ಬೇರೆ. ಮುಂಬಯಿ ಕಡೆಯ ಉಡುಪಿ ಹೋಟೆಲಿನಲ್ಲಿ ರಶ್ ಹೊತ್ತಿಗೆ ಇಡೀ ಟೇಬಲ್ ಒಬ್ಬನಿಗೆ ಯಾರು ಬಿಟ್ಟುಕೊಡುತ್ತಾರೆ? "ಜರಾ ಸರಕೋ ಸಾಬ್" ಅಂತ ಸಪ್ಲಾಯರ್ ಅಪರಿಚಿತರನ್ನು ಎದುರುಬದುರು ಕೂರಿಸುತ್ತಾನೆ. ಒಬ್ಬ ಸೀರಾ ತಿನ್ನುತ್ತಿರುತ್ತಾನೆ, ಇನ್ನೊಬ್ಬ ಅವನ ಲೋಟದ ಪಕ್ಕದಲ್ಲೇ ಇಡ್ಲಿ ಮುರಿಯುತ್ತಿರುತ್ತಾನೆ. ಅಶ್ಮಿತಾ ಹುಟ್ಟಿದಂದಿನಿಂದ ನೋಡಿದ್ದು ಅದನ್ನೇ. ಬೇಸಿಗೆ ರಜೆಯಲ್ಲಿ ಮಾವನ ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕೂತು ಸೋಂಪಿನ ಬಟ್ಟಲು ಖಾಲಿ ಮಾಡುತ್ತ ನೋಡಿದ್ದು. ಆದರೂ ಪ್ರತಿ ಕಾರ್ಡಿಗೂ ಒಂದು ಗುರುತು ಕೊಡಬೇಕಾಗಿ ಬಂದಾಗ ಅವಳು ಕೊಟ್ಟದ್ದು ಟೇಬಲ್ ನಂಬರು. ಹೋಟೆಲಿನವರ ಬಾಯಲ್ಲಿ ಬರುವುದು ಅದೇ ತಾನೇ, ಅವರಿಗೆ ಸುಲಭವಾಗಲಿ ಅಂತ. ಏಳನೇ ಟೇಬಲ್ಲಿಗೆ ಎರಡು ಕಾರ್ಡು ಬಂದರೆ ಎರಡಕ್ಕೂ ಒಂದೇ ಗುರುತು. ಯಾವ ಏಳಕ್ಕೆ ಯಾವ ಟಿಕ್ ಅಂತ ಆ ಬಡಪಾಯಿ ಸ್ಕ್ರೀನಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ವಿಷಯವೂ ನೆನಪಾಯಿತು. ಹೋಟೆಲಿನಲ್ಲಿ ಮೊದಲ ದಿನ ಸ್ಕ್ರೀನಿನ ಅಡಿಯಲ್ಲಿ ಒಂದು ಹಳದಿ ಪಟ್ಟಿ ಬಂದಿತ್ತು, ಎರಡು ಕಾರ್ಡಿಗೆ ಒಂದೇ ಗುರುತು ಇದೆ ಅನ್ನುವ ಎಚ್ಚರಿಕೆ. ಮಾವನ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಅದು ಕಾಣದ ಹಾಗೆ ಮಾಡಿದ್ದಳು. ಸರಿ ಮಾಡಲಿಲ್ಲ, ಮುಚ್ಚಿಟ್ಟಳು!

"ಸಮಿತ್!" ಫೋನಿಗೆ ಕೂಗಿದಳು. "ಸಿಕ್ಕಿತು. ಟೇಬಲ್ ನಂಬರ್ ತೆಗಿ, ಅಲ್ಲಿ ಆರ್ಡರ್ ನಂಬರ್ ಹಾಕು. ಒಂದೇ ಸಾಲು. ಈಗಲೇ ಕಳಿಸು."

"ಅಭೀ? ಚಾಲೂ ಹೋಟೆಲ್ ಮೇಂ? ಪಕ್ಕಾ?"

"ಹಾಕೋ ಮಾರಾಯ! ಯೋಚನೆ ಮಾಡ್ತಾ ಕೂತರೆ ಅಲ್ಲಿ ಪ್ಲೇಟು ಹೋಗಿಬಿಡ್ತದೆ."

ಐರೋಲಿ ದಾಟುವಷ್ಟರಲ್ಲಿ ಸಮಿತ್‌ನ ಉತ್ತರ ಬಂತು. "ಡನ್. ಕಿಚನ್ ಕಾ ಟ್ಯಾಬ್ ರಿಲೋಡ್ ಹೋ ಗಯಾ. ಸಬ್ ಠೀಕ್."

ಅಶ್ಮಿತಾ ಅಲ್ಲೇ ಇದ್ದ ಸೀಟಿಗೆ ಕುಸಿದಳು. ಉಸಿರು ಸರಾಗವಾಯಿತು. ಠಾಣೆಯಲ್ಲಿ ಇಳಿದಾಗ ವಾಪಸು ಹೋಗಿಬಿಡಲೇ ಅಂತಲೂ ಅನ್ನಿಸಿತು. ಇಷ್ಟು ದೂರ ಬಂದಾಗಿದೆ, ಟೀಚರ್ ಮುಖ ನೋಡಿಕೊಂಡೇ ಹೋಗೋಣ, ಒಂದು ಪ್ಲೇಟು ತೆಂಗಿನಕಾಯಿ ಖಿಚಡಿ ತಾನೂ ತಿನ್ನೋಣ ಅಂದುಕೊಂಡು ಸೇತುವೆ ಹತ್ತಿ ಕಲ್ಯಾಣದ ಗಾಡಿ ಹಿಡಿದಳು. ಹೆಂಗಸರ ಡಬ್ಬಿಯಲ್ಲಿ ಒದ್ದೆ ಕೊಡೆಗಳ ನಡುವೆ ನಿಲ್ಲಲು ಅಂಗೈಯಗಲ ಜಾಗ ಸಿಕ್ಕಿತು. ಒಬ್ಬಾಕೆ ವಿಠ್ಠಲನ ಅಭಂಗ ಗುನುಗುತ್ತಿದ್ದಳು. ಅಶ್ಮಿತಾಳೂ ಮನಸ್ಸಿನಲ್ಲೇ ಕೈಮುಗಿದಳು.

ಕಳವಾ ದಾಟಿತು. ಮುಂಬ್ರಾದ ಬೆಟ್ಟ ಕಾಣುವಲ್ಲಿ ಗಾಡಿ ನಿಂತಿತು. ಮುಂದೆ ಹಳಿಯ ಮೇಲೆ ನೀರಂತೆ. ಫ್ಯಾನಿನ ಗಾಳಿ ಸಾಲದೆ ಎಲ್ಲರೂ ಬೆವರತೊಡಗಿದರು. ಅಶ್ಮಿತಾ ಹೊತ್ತು ಕಳೆಯಲು ತಿದ್ದಿದ ಆ ಒಂದು ಸಾಲನ್ನು ತಲೆಯಲ್ಲೇ ಓಡಿಸಿ ನೋಡಿದಳು. ಹೊಸ ಗುರುತು ಬಂತು, ಸರಿ. ಟ್ಯಾಬ್ ರಿಲೋಡ್ ಆಯಿತು, ಸರಿ. ಆರ್ಡರುಗಳು ಸರ್ವರ್ ಕಂಪ್ಯೂಟರಿನಿಂದ ಮತ್ತೆ ಬಂದು ಕೂತವು, ಸರಿ. ಟಿಕ್‌ಗಳು...

ಟಿಕ್‌ಗಳು ಎಲ್ಲಿಂದ ಬರಬೇಕು?

ಸರ್ವರಿಗೆ ಅವುಗಳ ಸುದ್ದಿಯೇ ಗೊತ್ತಿಲ್ಲ. ಅವು ಇದ್ದದ್ದು ಕಾರ್ಡಿನ ಹೊಟ್ಟೆಯೊಳಗೆ. ರಿಲೋಡ್ ಅಂದರೆ ಹಳೆಯ ಕಾರ್ಡೆಲ್ಲ ಸತ್ತು ಹೊಸದು ಹುಟ್ಟಿದ ಹಾಗೆ; ಹುಟ್ಟಿದ ಕೂಸಿಗೆ ಹಿಂದಿನ ಜನ್ಮದ ನೆನಪು ಇರುತ್ತದೆಯೇ? ಯಾರು ಯಾರು ಶೇಂಗಾ ಬೇಡ ಅಂದಿದ್ದರೋ ಅಷ್ಟೂ ಜನರ ಕಾರ್ಡು ಈಗ ಬೋಳು. ಇನ್ನು ಬರುವ ಆರ್ಡರಿನದ್ದೂ ಅದೇ ಗತಿ, ಸರ್ವರು ಅದಕ್ಕೆ ನಂಬರು ಕೊಟ್ಟ ಕೂಡಲೇ ಟಿಕ್ ಹೊತ್ತ ಕಾರ್ಡು ಸತ್ತು ಹೊಸದು ಹುಟ್ಟುತ್ತದೆ. ಬೋಳು ಕಾರ್ಡು ಅಂದರೆ ಸಿದ್ರಾಮನ ಲೆಕ್ಕದಲ್ಲಿ ಶೇಂಗಾ ಹಾಕು. ಮೊದಲಾದರೆ ಪಕ್ಕದಲ್ಲಿ ಯಾರಾದರೂ ಕೂತು ಗುರುತು ಬೆರೆತರೆ ಮಾತ್ರ ಅಪಾಯವಿತ್ತು. ಈಗ ಯಾರೂ ಕೂರದಿದ್ದರೂ ಅಪಾಯ. ಹಳೆಯ ತಪ್ಪಿನಿಂದ ಟೀಚರ್ ಪಾರಾಗುವ ದಾರಿಯಾದರೂ ಇತ್ತು. ಅದನ್ನು ಇವಳ ತಿದ್ದುಪಡಿ ಮುಚ್ಚಿತ್ತು. ಸಮಿತ್ ಪಕ್ಕಾನಾ ಅಂತ ಕೇಳಿದ್ದ. ಇವಳೇ ಗದರಿಸಿ ಹಾಕಿಸಿದ್ದಳು!

ಫೋನು ನೋಡಿದಳು. ನೆಟ್‌ವರ್ಕ್ ಇಲ್ಲ. ಒಂದು ಗೆರೆ ಬಂತು, ಕಾಲ್ ಒತ್ತುವುದರೊಳಗೆ ಹೋಯಿತು. ಕೈಯನ್ನು ಕಿಟಕಿಯ ಸರಳಿನಾಚೆ ಮಳೆಗೆ ಚಾಚಿದಳು. ಏನೂ ಇಲ್ಲ. "ಚಲೋ ನಾ! ಚಲಾವ್ ನಾ ಗಾಡೀ!" ಅಂತ ಅವಳು ಜೋರಾಗಿಯೇ ಅಂದದ್ದಕ್ಕೆ ಸುತ್ತಲಿನವರು ತಿರುಗಿ ನೋಡಿದರು. ಅಭಂಗದ ಹೆಂಗಸು ಹಾಡು ನಿಲ್ಲಿಸಿ, "ಕಾಯ್ ಝಾಲಂ ಬಾಳಾ?" ಅಂತ ತೋಳು ಹಿಡಿದುಕೊಂಡಳು. ಅಶ್ಮಿತಾಳ ತಲೆಯೊಳಗೆ ಆ ಸಿಳ್ಳೆ ಮಾತ್ರ ಕೇಳುತ್ತಿತ್ತು, ಬೋರ್ಡಿನ ಕೆಳಗೆ ಬಿದ್ದ ಟೀಚರ್ ಉಸಿರಿನ ಸಿಳ್ಳೆ.

ಗಾಡಿ ಹೊರಟಿತು, ಎತ್ತಿನಗಾಡಿಯ ಹಾಗೆ. ದಿವಾ ಬರುವಾಗ ಗೆರೆಗಳು ಮೂಡಿದವು.

"ಸಮಿತ್, ಸರ್ವರ್ ಬಂದ್ ಮಾಡು! ಪೂರ್ತಿ ಬಂದ್! ಸ್ಕ್ರೀನ್ ಕಪ್ಪಾಗಬೇಕು."

"ಪಾಗಲ್ ಹೈ ಕ್ಯಾ? ರಶ್ ಮೇಂ..."

"ಕಪ್ಪಾದರೆ ಅವರು ಕೂಗ್ತಾರೆ! ಮೊದಲಿನ ಹಾಗೆ ಬಾಯಿಬಿಟ್ಟು ಕೂಗ್ತಾರೆ. ಟಿಕ್ ಎಲ್ಲ ಅಳಿಸಿ ಹೋಗಿದೆಯೋ, ಟಿಕ್ ಎಲ್ಲ ಅಳಿಸಿ ಹೋಗಿದೆ!"

ಆ ಕಡೆ ಕೀಲಿಗಳ ಟಪಟಪ ಕೇಳಿಸಿತು. ಆಮೇಲೆ ಸಮಿತ್ ಕನ್ನಡದಲ್ಲೇ ಅಂದ, ಅವನ ಬಾಯಿಂದ ಆಫೀಸಿನಲ್ಲಿ ಮೊದಲ ಸಲ ಬಂದ ಕನ್ನಡ ಅದು. "ಬಂದ್ ಮಾಡಿದೆ. ನೀನು ಓಡು."

ಓಡಿದಳು. ಡೊಂಬಿವಲಿಯ ಸೇತುವೆಯ ಮೇಲೆ ಹೂ ಮಾರುವವರ, ತುಳಸಿಮಾಲೆ ಕೊಳ್ಳುವವರ ನಡುವೆ ನುಗ್ಗಿದಳು. ಯಾರದೋ ಬುಟ್ಟಿ ಉರುಳಿತು, ಬೈಗುಳ ಬೆನ್ನಿಗೆ ಬಿತ್ತು. ರಿಕ್ಷಾದ ಕ್ಯೂ ಹನುಮಂತನ ಬಾಲವಾಗಿತ್ತು, ಅದರ ಗೊಡವೆಗೇ ಹೋಗಲಿಲ್ಲ. ಮೊಣಕಾಲವರೆಗೆ ರಾಡಿಯಾಗಿ, ಒಂದು ಚಪ್ಪಲಿಯ ಉಂಗುಷ್ಠ ಕಿತ್ತು, ತಿರುವಿನಲ್ಲಿ ಹೋಟೆಲಿನ ಬೋರ್ಡು ಕಂಡಾಗ ಒಳಗಿನಿಂದ ಸದ್ದು ಕೇಳಿಸಿತು.

"ಮೂರನೇ ಟೇಬಲ್ ಎರಡು ವಡಾ! ಒಂಬತ್ತು ಒಂದು ಖಿಚಡಿ, ಒಂದು ಕಡಕ್ ಚಾ!" ಸುಜನ್‌ನ ಗಂಟಲು. ಅದರ ಹಿಂದೆಯೇ ಸಿದ್ರಾಮನ ಗಂಟಲು, "ಒಂಬತ್ತಕ್ಕ ಒಂದ್ ಖಿಚಡಿ, ಒಂದ್ ಕಡಕ್, ಬಂತ್ ನೋಡ್ರಿ!"

ಕೂಗುತ್ತಿದ್ದಾರೆ! ಸ್ಕ್ರೀನು ಕಪ್ಪಾಗಿದೆ. ಅಶ್ಮಿತಾ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಂತು ಏದುಸಿರು ಬಿಟ್ಟಳು. ಗಲ್ಲೆಯಲ್ಲಿದ್ದ ಕಿಟ್ಟಣ್ಣ ಕಣ್ಣರಳಿಸಿದ. "ಎಂತ ಮಗಾ ಈ ಅವತಾರ? ನಿನ್ನ ಸ್ಕ್ರೀನು ಈಗಷ್ಟೇ ಆರಿ ಹೋಯ್ತು ಮಾರಾಯ್ತಿ."

"ಟೀಚರ್?" ಅಂದಳು.

"ಬಂದಿದ್ದಾರೆ, ಅಲ್ಲಿ ಏಳರಲ್ಲಿ. ಅವರ ಆರ್ಡರು ಸ್ಕ್ರೀನು ಆರುವ ಮೊದಲೇ ಒಳಗೆ ಹೋಗಿತ್ತು, ಪ್ಲೇಟು ಈಗಷ್ಟೇ ಬಂತು."

ಏಳನೇ ಟೇಬಲ್ಲಿನಲ್ಲಿ ಟೀಚರ್ ಬೆನ್ನು ಹಾಕಿ ಕೂತಿದ್ದರು. ಎದುರಿಗೆ ಬಿಳಿಟೋಪಿಯ ಯಾರೋ ಅಪರಿಚಿತ. ಇಬ್ಬರ ಮುಂದೆಯೂ ಖಿಚಡಿ. ಟೀಚರ್ ಕೈಯ ಚಮಚ ಮೇಲೇಳುತ್ತಿತ್ತು.

"ಟೀಚರ್, ತಿನ್ನಬೇಡಿ!"

ಆ ಕೂಗಿಗೆ ಎತ್ತಿದ ಲೋಟಗಳು ಎತ್ತಿದಲ್ಲೇ ನಿಂತವು. ಅಶ್ಮಿತಾ ನುಗ್ಗಿ ಚಮಚ ಕಿತ್ತು ಎಸೆದಳು. ಪ್ಲೇಟಿನಲ್ಲಿ ತೆಂಗಿನತುರಿ ಇರಲಿಲ್ಲ. ಇಡೀ ಕಾಳು ಮುಗಿದು ಪುಡಿಗೆ ಇಳಿದಿದ್ದರೇನೋ, ಕಂದುಬಣ್ಣದ ಶೇಂಗಾಪುಡಿ ಅಕ್ಕಿಹಿಟ್ಟಿನಷ್ಟು ನುಣ್ಣಗೆ ಸಾಬುದಾಣೆಗೆ ಮೆತ್ತಿಕೊಂಡಿತ್ತು. ಒಂದು ಅಂಚಿನಲ್ಲಿ ಚಮಚದಷ್ಟು ಖಾಲಿಯಾಗಿತ್ತು.

"ಅಶ್ಮಿತಾ," ಅಂದರು ಟೀಚರ್, ಅವಳನ್ನು ಕಂಡ ಸಂತೋಷಕ್ಕೆ. ಆಮೇಲೆ ಕೈಯನ್ನು ಗಂಟಲಿಗೆ ಒಯ್ದರು. "ಒಂದೇ ತುತ್ತು... ತುರಿಸ್ತದೆ." ಕೆಳತುಟಿ ಆಗಲೇ ದಪ್ಪವಾಗುತ್ತಿತ್ತು.

ಕಿಟ್ಟಣ್ಣ ಗಲ್ಲೆ ಬಿಟ್ಟು ಹೇಗೆ ಹಾರಿ ಬಂದನೋ ಅವನಿಗೇ ಗೊತ್ತಿಲ್ಲ. ಹೊರಗೆ ನಿಂತಿದ್ದ ರಿಕ್ಷಾದಿಂದ ಗಿರಾಕಿಯನ್ನು ಕೈಹಿಡಿದು ಇಳಿಸಿ ಟೀಚರನ್ನು ಕೂರಿಸಿದರು. ಅಶ್ಮಿತಾ ಅವರ ಪರ್ಸು ಬೋರಲು ಹಾಕಿ ಅಲರ್ಜಿಯ ಗುಳಿಗೆ ಹುಡುಕಿ ನಾಲಗೆಯ ಮೇಲಿಟ್ಟಳು. ಮುಂದಿನ ಓಣಿಯಲ್ಲೇ ನರ್ಸಿಂಗ್ ಹೋಮ್. ಆ ಓಣಿ ಅಷ್ಟು ಉದ್ದವಿದೆ ಅಂತ ಅವಳಿಗೆ ಅವತ್ತೇ ಗೊತ್ತಾದದ್ದು. ಅವಳ ಹೆಗಲ ಮೇಲೆ ಟೀಚರ್ ತಲೆ. ಅವಳ ಕಿವಿಯ ಪಕ್ಕದಲ್ಲೇ ಅದು ಶುರುವಾಯಿತು, ಸಣ್ಣಗೆ, ಆಮೇಲೆ ದೊಡ್ಡದಾಗಿ. ಅದೇ ಸಿಳ್ಳೆ.

"ಉಸಿರಾಡಿ ಟೀಚರ್, ಬಂತು, ಬಂತು," ಅನ್ನುತ್ತ ಅವಳು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದಳು. "ನಂದೇ ತಪ್ಪು ಟೀಚರ್, ಉಸಿರಾಡಿ."

ಸ್ಟ್ರೆಚರ್ ಒಳಗೆ ಹೋಗಿ ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಮಾವ, ಸೊಸೆ ಇಬ್ಬರೇ. ಅಶ್ಮಿತಾ ತಾನಾಗಿಯೇ ಎಲ್ಲ ಹೇಳಿದಳು. ಟೇಬಲ್ ನಂಬರು, ಮುಚ್ಚಿಟ್ಟ ಹಳದಿ ಪಟ್ಟಿ, ಅವಸರದಲ್ಲಿ ಹಾಕಿಸಿದ ತಿದ್ದುಪಡಿ, ಅಳಿಸಿಹೋದ ಟಿಕ್. ಅವನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

"ಸ್ಕ್ರೀನು ಇವತ್ತೇ ಕಿತ್ತು ಹಾಕ್ತೇನೆ ಮಾಮ."

"ಕೀಳುವುದು ಎಂತಕ್ಕೆ?" ಅಂದ ಕಿಟ್ಟಣ್ಣ, ಬಾಗಿಲಿನ ಮೇಲಿನ ದೃಷ್ಟಿ ತೆಗೆಯದೆ. "ಹಾಲು ಉಕ್ಕಿತು ಅಂತ ಯಾರಾದರೂ ಒಲೆ ಒಡೆಯುತ್ತಾರಾ? ಸರಿ ಮಾಡು. ಆದರೆ ಒಂದು. ಯಾರಿಗೆ ಎಂತ ಬೇಕು ಅನ್ನುವುದು ಒಂದೇ ಕಡೆ ಇರಬೇಕು, ಆರ್ಡರ್ ಜೊತೆಗೇ. ಸ್ಕ್ರೀನು ಅದನ್ನು ನೋಡಿ ಹೇಳಲಿ, ಅದಕ್ಕೆ ಅದರದ್ದೇ ಬೇರೆ ನೆನಪು ಬೇಡ." ಇನ್ನೊಂದೂ ಸೇರಿಸಿದ, "ಮತ್ತೆ ಸಿದ್ರಾಮ ಕೂಗಲಿ. ಕೂಗಿದರೆ ನಿನ್ನ ಮರ್ಯಾದೆ ಹೋಗುವುದಿಲ್ಲ."

ಸಮಿತ್ ಹೇಳಿದ್ದೂ ಅದನ್ನೇ. ಅವಳು ಮುಖ ಮುಚ್ಚಿಕೊಂಡಳು.

ಬಾಗಿಲು ತೆರೆದ ಡಾಕ್ಟರಮ್ಮ, ಇಂಜೆಕ್ಷನ್ ಹಿಡಿಯಿತು, ಉಸಿರು ಬಂತು, ಒಂದು ತುತ್ತಾದ್ದರಿಂದ ಬಚಾವು, ಇನ್ನೊಂದೆರಡು ಹೋಗಿದ್ದರೆ ಹೇಳುವ ಹಾಗಿರಲಿಲ್ಲ ಅಂದರು. ಕಿಟ್ಟಣ್ಣ ಗೋಡೆಗೆ ಒರಗಿ ಕಣ್ಣುಮುಚ್ಚಿದ. ಆಮೇಲೆ, "ಬೊಂಡ ತರ್ತೇನೆ," ಅಂತ ಹೊರಗೆ ಹೋದ.

ಮಂಚದ ಮೇಲೆ ಟೀಚರ್ ಮುಖ ಉಬ್ಬಿ ಗುರುತು ಸಿಗುವ ಹಾಗಿರಲಿಲ್ಲ. ಕಣ್ಣು ಮಾತ್ರ ಅವರದ್ದೇ. ಅಶ್ಮಿತಾ ಹತ್ತಿರ ಹೋಗಿ ಮಂಚದ ಕಂಬಿ ಹಿಡಿದು ನಿಂತಳು, ಹೋಮ್‌ವರ್ಕ್ ಮಾಡದೆ ಬಂದವಳ ಹಾಗೆ.

"ನೀವು ಇವತ್ತು ಕೇಳಲಿಲ್ವಾ ಟೀಚರ್?" ಅಂತ ಮೆಲ್ಲಗೆ ಕೇಳಿದಳು. "ಯಾವಾಗಲೂ ಕೇಳ್ತೀರಿ. ನೆಲಗಡಲೆ ಇಲ್ಲ ಅಲ್ಲವಾ ಅಂತ. ಇವತ್ತು ಯಾಕೆ ಕೇಳಲಿಲ್ಲ?"

ಟೀಚರಿಗೆ ಮಾತಾಡುವುದು ಕಷ್ಟವಾಗುತ್ತಿತ್ತು. ಊದಿದ ತುಟಿಯ ನಡುವಿನಿಂದ ಒಂದೊಂದೇ ಪದ ಬಂತು.

"ಕೇಳಲಿಕ್ಕೆ ಹೊರಟೆ. ಸುಜನ್ ಹೇಳಿದ, ಈಗ ಸ್ಕ್ರೀನೇ ಎಲ್ಲ ನೋಡ್ಕೊಳ್ತದೆ, ಅಶ್ಮಿತಕ್ಕ ಮಾಡಿದ್ದು ಅಂತ." ಉಸಿರೆಳೆದುಕೊಂಡರು. "ನೀನು ಮಾಡಿದ್ದು ಅಂದ ಮೇಲೆ ಮತ್ತೆ ಕೇಳುವುದು ಎಂತಕ್ಕೆ ಅಂತ..."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಇನ್ನು ಮೇಲೆ ಕೇಳಿ ಟೀಚರ್," ಅಂದಳು, ಅವರ ಕೈ ಹಿಡಿದು. "ಯಾರು ಮಾಡಿದ್ರೂ ಕೇಳಿ. ನಾನು ಮಾಡಿದ್ದು ಅಂದ್ರೆ ಎರಡು ಸಲ ಕೇಳಿ. ನನ್ನ ಮೇಲಾಣೆ."

ಟೀಚರ್ ಕಣ್ಣಲ್ಲೇ ಹೂಂ ಅಂದರು. ಅಷ್ಟರಲ್ಲಿ ಕಿಟ್ಟಣ್ಣ ಮಳೆಯಲ್ಲಿ ತೊಯ್ದು ಒಳಗೆ ಬಂದ, ಕೈಯಲ್ಲಿ ಕೆತ್ತಿಸಿದ ಎಳನೀರಿನ ಬೊಂಡ, ಅದರಲ್ಲಿ ಒಂದು ಪೈಪು. ಸ್ವಲ್ಪ ಸ್ವಲ್ಪ ಕುಡಿಯಬಹುದು ಅಂದಳು ನರ್ಸು. ಅಶ್ಮಿತಾ ಬೊಂಡವನ್ನು ಎರಡೂ ಕೈಯಲ್ಲಿ ಹಿಡಿದು ಪೈಪನ್ನು ಟೀಚರ್ ತುಟಿಗೆ ತಂದಳು.

ಟೀಚರ್ ಬಾಯಿ ತೆರೆಯಲಿಲ್ಲ. ಬೊಂಡವನ್ನು ನೋಡಿದರು, ಅಶ್ಮಿತಾಳನ್ನು ನೋಡಿದರು.

"ನೆಲಗಡಲೆ ಇಲ್ಲ ಅಲ್ಲವಾ?" ಅಂದರು.

ಅಶ್ಮಿತಾಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು ಒತ್ತರಿಸಿ ಬಂತು. ಟೀಚರ್ ಕಾದರು. ಉತ್ತರ ಬರದೆ ಅವರು ಕುಡಿಯುವವರಲ್ಲ.

"ಇಲ್ಲ ಟೀಚರ್," ಅಂದಳು.

ಟೀಚರ್ ಇನ್ನೊಮ್ಮೆ ಕೇಳಿದರು.